ಗಂಟೆ ಒತ್ತಿದರೆ ಟೀ

ನಮ್ಮ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ನನ್ನನ್ನು ಎಲ್ಲರೂ ‘ಕಂಪ್ಯೂಟರ್ ಪಂಡಿತರು’ ಎಂದು ಕರೆಯುತ್ತಿದ್ದರು. ಈ ಬಿರುದು ಬಂದದ್ದು ಹೇಗೆಂದು ಎರಡು ಮಾತಿನಲ್ಲಿ ಹೇಳಬಹುದು. ಹೋದದ್ದು ಹೇಗೆಂದು ಹೇಳಲು ಸ್ವಲ್ಪ ಹೊತ್ತು ಬೇಕು. ಕಚೇರಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಅದು ಏನು ಮಾಡಿದರೂ ಎಚ್ಚರಗೊಳ್ಳಲಿಲ್ಲ. ಸಾಹೇಬರು ಗದರಿದರು, ಗುಮಾಸ್ತರು ಬೆನ್ನು ತಟ್ಟಿದರು. ಪ್ಲಗ್ಗನ್ನೇ ಹಾಕಿಲ್ಲವೆಂದು ಕಂಡುಹಿಡಿದವನು ನಾನು. ಅಂದಿನಿಂದ ನಾನು ಪಂಡಿತ.

ಆ ಹಳೆಯ ಸಾಫ್ಟ್‌ವೇರಿನ ಮಟ್ಟಿಗೆ ನಾನು ನಿಜಕ್ಕೂ ಪಂಡಿತನೇ ಆಗಿದ್ದೆ. ನೀಲಿ ಪರದೆ, ಅದರ ಮೇಲೆ ದಪ್ಪ ಬಿಳಿ ಅಕ್ಷರ. ಕೆಳಗೆ ಸಾಲಾಗಿ ಉಳಿಸು, ಅಳಿಸು, ಕಳಿಸು, ಮುಗಿಸು. ಬೇಕಾದದ್ದನ್ನು ಓದಿ ಒತ್ತುವುದು, ಅಷ್ಟೆ. ವರ್ಷಗಟ್ಟಲೆ ಒತ್ತಿ ಒತ್ತಿ ಬೆರಳಿಗೆ ಎಂಥ ಅಭ್ಯಾಸವಾಗಿತ್ತೆಂದರೆ ಕಣ್ಣು ಮುಚ್ಚಿಕೊಂಡೇ ದೂರು ಬರೆದುಕೊಳ್ಳುತ್ತಿದ್ದೆ. ಊಟವಾದ ಮೇಲಂತೂ ಹಾಗೇ ಬರೆದುಕೊಳ್ಳುತ್ತಿದ್ದೆ.

ಒಂದು ಸೋಮವಾರ ಬಂದು ನೋಡಿದರೆ ನೀಲಿ ಪರದೆ ಇಲ್ಲ. ಅದರ ಜಾಗದಲ್ಲಿ ಆಸ್ಪತ್ರೆಯ ಹಾಸಿಗೆಯಂಥ ಬಿಳುಪು. ಅಕ್ಷರಗಳೆಲ್ಲ ಮಾಯವಾಗಿ ಚಿತ್ರಗಳು ಬಂದು ಕೂತಿದ್ದವು. ಒಂದು ಹೂವು, ಒಂದು ಬುಟ್ಟಿ, ಕಾಗದದ ವಿಮಾನ, ಗಂಟೆ. ಯಾವ ಚಿತ್ರದ ಕೆಳಗೂ ಹೆಸರಿಲ್ಲ. ಹೊಸ ಸಾಫ್ಟ್‌ವೇರು ಮಾಡಿಕೊಟ್ಟ ಕಂಪನಿಯವರು ಒಬ್ಬರು ನಮಗೆ ತರಬೇತಿ ಕೊಡಲು ಬಂದಿದ್ದರು. ಅವರ ಮುಖದಲ್ಲಿ ಮಗು ಹೆತ್ತ ತಂದೆಯ ಕಳೆ ಇತ್ತು.

“ಇದು ಎಷ್ಟು ಸುಲಭ ಅಂದ್ರೆ, ಕಲೀಲೇಬೇಕಾಗಿಲ್ಲ. ನೋಡಿದ್ರೆ ಸಾಕು, ತಾನಾಗೇ ಗೊತ್ತಾಗುತ್ತೆ,” ಎಂದರು ಅವರು.

ಅವರ ಮಾತನ್ನು ನಾನು ನಂಬಿದೆ. ನೋಡುತ್ತ ಕೂತೆ. ಏನೂ ತಾನಾಗೇ ಗೊತ್ತಾಗಲಿಲ್ಲ. ಕೊನೆಗೆ ಅವರು, “ಯಾರಿಗಾದ್ರೂ ಡೌಟ್ ಇದೆಯಾ?” ಎಂದು ಕೇಳಿದಾಗ ಇಡೀ ವಿಭಾಗ ನನ್ನ ಕಡೆ ತಿರುಗಿತು.

“ಅವರಿಗೇನ್ ಡೌಟು ಇರುತ್ತೆ ಬಿಡಿ, ಅವರು ಪಂಡಿತರು,” ಎಂದರು ಪಕ್ಕದ ಮೇಜಿನ ಗುಮಾಸ್ತರು.

ಆಗ ನಾನು ಮಾಡಬೇಕಾಗಿದ್ದ ಕೆಲಸ ಕೈ ಎತ್ತುವುದು. ಮಾಡಿದ ಕೆಲಸ, ಕನ್ನಡಕ ಸರಿಮಾಡಿಕೊಂಡು ಮುಗುಳ್ನಕ್ಕದ್ದು. “ಹಳೇದರ ಹಾಗೇ ಇದೆ, ಬಣ್ಣ ಬದಲಾಗಿದೆ ಅಷ್ಟೆ,” ಎಂದೂ ಸೇರಿಸಿದೆ. ಉಳಿದವರೆಲ್ಲ ಧೈರ್ಯ ತಂದುಕೊಂಡು, ಅರ್ಥವಾಗದಿದ್ದರೆ ಪಂಡಿತರು ಇದ್ದಾರಲ್ಲ ಎಂದು ಎದ್ದು ಹೋದರು.

ಮೊದಲ ವಾರ ಚಿತ್ರಗಳ ಅರ್ಥವನ್ನು ಸ್ವಂತ ಬುದ್ಧಿಯಿಂದಲೇ ಬಿಡಿಸಿದೆ. ಬುಟ್ಟಿಯ ಚಿತ್ರ ನೋಡಿದ ಕೂಡಲೆ ಇದು ಕಸ, ಚರಂಡಿಗಳಿಗೆ ಸಂಬಂಧಿಸಿದ ವಿಭಾಗವೆಂದು ತಿಳಿದು, ಚರಂಡಿ ಕಟ್ಟಿಕೊಂಡ ದೂರುಗಳನ್ನೆಲ್ಲ ಅದಕ್ಕೆ ಹಾಕಿದೆ. ಆ ವಾರ ಊರಿನಲ್ಲಿ ಚರಂಡಿಯ ಒಂದು ದೂರೂ ಬಾಕಿ ಉಳಿದಿಲ್ಲವೆಂದು ಮೇಲಿನ ಕಚೇರಿಯಿಂದ ನಮಗೆ ಶಹಬ್ಬಾಸ್‌ಗಿರಿ ಬಂತು. ನನ್ನ ಪಾಂಡಿತ್ಯದ ಮೇಲೆ ನನಗೇ ಗೌರವ ಹೆಚ್ಚಿತು.

ಇನ್ನು ಗಂಟೆ. ಗಂಟೆಯ ಬಗ್ಗೆ ನನಗೆ ಕ್ಷಣಕಾಲವೂ ಅನುಮಾನ ಬರಲಿಲ್ಲ. ನಮ್ಮ ಕಟ್ಟಡದಲ್ಲಿ ಗಂಟೆ ಎಂದರೆ ಟೀ. ಒಂದು ಕಾಲಕ್ಕೆ ಪ್ರತಿ ಮೇಜಿನ ಅಂಚಿನಲ್ಲೂ ಒಂದು ಕರೆಗಂಟೆ ಇತ್ತು. ಒತ್ತಿದರೆ ಅಟೆಂಡರ್ ಬಿಸಿಯಣ್ಣ ಬರುತ್ತಿದ್ದ. ಅವನು ತರುವ ಟೀ ಯಾವಾಗಲೂ ತಣ್ಣಗಿರುತ್ತಿದ್ದುದರಿಂದ ಅವನಿಗೆ ಆ ಹೆಸರು. ಗಂಟೆಗಳು ಕೆಟ್ಟು ಎಷ್ಟೋ ಕಾಲವಾಗಿತ್ತು. ರಿಪೇರಿ ಮಾಡಿಸಿಕೊಡಿ ಎಂದು ನಾನೇ ಹಲವು ಅರ್ಜಿ ಬರೆದಿದ್ದೆ. ಈಗ ಪರದೆಯ ಮೇಲೆ, ಬಲಗಡೆ ಮೂಲೆಯಲ್ಲಿ, ಕೆಂಪು ಬಣ್ಣದ ಗಂಟೆ ಕಂಡಾಗ ನನ್ನ ಕಣ್ಣು ತುಂಬಿ ಬಂತು. ತಡವಾದರೂ ಮೇಲಿನವರು ನನ್ನ ಅರ್ಜಿ ಓದಿದ್ದಾರೆ ಎಂದುಕೊಂಡೆ.

ಒತ್ತಿದೆ. ‘ಎಲ್ಲರಿಗೂ ಕಳಿಸಬೇಕೇ?’ ಎಂದು ಕೇಳಿತು. ಎಂಥ ಸೌಜನ್ಯ. ನಾನೊಬ್ಬನೇ ಕುಡಿಯುವವನೂ ಅಲ್ಲ. ‘ಹೌದು’ ಎಂದೆ. ‘ಖಚಿತವೇ?’ ಎಂದು ಮತ್ತೆ ಕೇಳಿತು. ಮನೆಯಲ್ಲಿ ಹೆಂಡತಿ ಸಹ ಟೀ ವಿಷಯದಲ್ಲಿ ನನ್ನನ್ನು ಎರಡನೇ ಸಲ ಕೇಳುವುದಿಲ್ಲ. ‘ಹೌದು’ ಎಂದೆ.

ಸ್ವಲ್ಪ ಹೊತ್ತಿನಲ್ಲೇ ಬಿಸಿಯಣ್ಣ ತಟ್ಟೆ ತುಂಬ ಲೋಟ ಜೋಡಿಸಿಕೊಂಡು ಬಂದ. ವಿಭಾಗದವರಿಗೆಲ್ಲ ಟೀ. ಅದೂ ಬಿಸಿಯಾಗಿ.

“ಪಂಡಿತರೇ, ಏನ್ ವಿಶೇಷ ಇವತ್ತು?” ಎಂದರು ಗುಮಾಸ್ತರು.

“ವಿಶೇಷ ಏನಿಲ್ಲ. ತಂತ್ರಜ್ಞಾನ,” ಎಂದೆ.

ಅಸಲಿಗೆ ನಡೆದದ್ದು ಬೇರೆ. ಓದುಗರು ನನಗಿಂತ ಚುರುಕು, ಅವರಿಗೆ ಈಗಾಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗಲು ಒಂದು ಇಲಾಖಾ ವಿಚಾರಣೆಯೇ ನಡೆಯಬೇಕಾಯಿತು. ಆ ಗಂಟೆ ತುರ್ತು ಸೂಚನೆಯ ಗಂಟೆ. ಅದನ್ನು ಒತ್ತಿದರೆ ಊರಿನಲ್ಲಿ ನಲ್ಲಿ ಇರುವ ಪ್ರತಿಯೊಂದು ಮನೆಯ ಫೋನಿಗೂ ‘ಶೀಘ್ರದಲ್ಲೇ ನೀರು ನಿಲ್ಲಲಿದೆ, ಸಂಗ್ರಹಿಸಿಟ್ಟುಕೊಳ್ಳಿ’ ಎಂಬ ಸಂದೇಶ ಹೋಗುತ್ತಿತ್ತು. ಬಿಸಿಯಣ್ಣನ ಫೋನಿಗೂ ಹೋಗುತ್ತಿತ್ತು. ನೀರು ನಿಂತರೆ ಟೀಗೆ ಏನು ಗತಿ ಎಂದು ಅವನು ಓಡಿಹೋಗಿ ಪಾತ್ರೆ ತುಂಬಿಸಿ ಒಲೆಗೆ ಇಡುತ್ತಿದ್ದ. ಟೀ ಆದ ಮೇಲೆ ಆರುವ ಮೊದಲು ಹಂಚುತ್ತಿದ್ದ. ನಮ್ಮ ಮನೆಯ ನಲ್ಲಿ ಮಾತ್ರ ಹೆಂಡತಿಯ ಹೆಸರಿನಲ್ಲಿತ್ತು, ಸಂದೇಶ ಅವಳ ಫೋನಿಗೆ ಹೋಗುತ್ತಿತ್ತು. ದೂರು ವಿಭಾಗದಲ್ಲಿ ದಿನವಿಡೀ ಫೋನು ಬಡಿದುಕೊಳ್ಳುವುದರಿಂದ ಪಕ್ಕದವರ ಫೋನಿನ ಸದ್ದನ್ನು ನಾನು ಗಮನಿಸುತ್ತಿರಲಿಲ್ಲ. ಹೀಗಾಗಿ ಊರಿಗೆಲ್ಲ ಗೊತ್ತಿದ್ದ ಸಂಗತಿ ಗೊತ್ತಿಲ್ಲದೆ ಉಳಿದವನು ಅದನ್ನು ಕಳಿಸುತ್ತಿದ್ದ ನಾನೊಬ್ಬನೇ.

ಇಡೀ ಊರು ಒಟ್ಟಿಗೆ ನಲ್ಲಿ ತಿರುಗಿಸಿದರೆ ಯಾವ ಟ್ಯಾಂಕು ತಾಳೀತು? ತುಂಬಿದ ಟ್ಯಾಂಕು ನೋಡನೋಡುತ್ತ ಬರಿದಾಗುತ್ತಿತ್ತು. ನೀರು ನಿಜಕ್ಕೂ ನಿಲ್ಲುತ್ತಿತ್ತು. ಜನ ತಮ್ಮ ತುಂಬಿದ ಬಿಂದಿಗೆಗಳನ್ನು ನೋಡಿಕೊಂಡು, ಸದ್ಯ ಮೊದಲೇ ತಿಳಿಸಿದರಲ್ಲ ಎಂದು ನಮ್ಮ ಕಚೇರಿಯನ್ನು ಹರಸುತ್ತಿದ್ದರು. ತುಂಬಿಸಿಕೊಳ್ಳಲು ಆಗದವರು ನಮ್ಮ ವಿಭಾಗಕ್ಕೆ ಫೋನ್ ಮಾಡಿ ಬಯ್ಯುತ್ತಿದ್ದರು. ಬೈಗುಳ ಕೇಳಿ ಕೇಳಿ ನನ್ನ ಗಂಟಲು ಒಣಗುತ್ತಿತ್ತು. ಗಂಟಲು ಒಣಗಿದರೆ ಗಂಟೆ ಒತ್ತುತ್ತಿದ್ದೆ. ಗಂಟೆ ಒತ್ತಿದರೆ ಊರು ಒಣಗುತ್ತಿತ್ತು.

ಒಂದು ಸಂಜೆ ಮನೆಗೆ ಬಂದರೆ ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆಯಲು ಜಾಗವಿಲ್ಲ. ಕೊಡ, ಬಕೆಟ್ಟು, ಕುಕ್ಕರು, ಹೂದಾನಿ, ನನ್ನ ಟಿಫಿನ್ ಡಬ್ಬಿಯ ಮುಚ್ಚಳ ಸಹಿತ ಎಲ್ಲದರಲ್ಲೂ ನೀರು.

“ಇದೇನಿದು?” ಎಂದೆ.

“ನೀರು ನಿಲ್ಲುತ್ತೆ ಅಂತ ನಿಮ್ಮ ಆಫೀಸಿಂದಾನೇ ಮೆಸೇಜ್ ಬಂತಲ್ರೀ,” ಎಂದಳು ಹೆಂಡತಿ. “ದಿನಾ ಬರ್ತಿದೆ. ನಿಮಗೆ ಗೊತ್ತಿಲ್ವಾ?”

ಗೊತ್ತಿಲ್ಲ ಎಂದು ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಕಿಟಕಿಯ ಆಚೆ ಬಕೆಟ್ ಹಿಡಿದು ನಿಂತಿದ್ದರು. ಅವರು ನಿವೃತ್ತರಾದ ಗಣಿತದ ಮೇಷ್ಟ್ರು; ಬೀದಿಯಲ್ಲಿ ಯಾರು ತಪ್ಪು ಮಾತಾಡಿದರೂ ಅಂಕ ಕಳೆಯುವ ಅಭ್ಯಾಸ ಅವರಿಗಿನ್ನೂ ಹೋಗಿರಲಿಲ್ಲ.

“ಗೊತ್ತಿಲ್ಲದೆ ಏನು. ಒಳಗಿನ ವಿಷಯ ಎಲ್ಲಾ ಹೊರಗೆ ಹೇಳೋ ಹಾಗಿಲ್ಲ,” ಎಂದೆ.

ಮೇಷ್ಟ್ರು ಕಿಟಕಿಗೆ ಇನ್ನಷ್ಟು ಹತ್ತಿರ ಬಂದರು. “ನಮಗಾದ್ರೂ ಹೇಳಿ ಸ್ವಾಮಿ. ನಾಳೆ ಎಷ್ಟು ಹೊತ್ತಿಗೆ ನಿಲ್ಲುತ್ತೆ?”

ಹಿಂದಿನ ದಿನಗಳಲ್ಲಿ ಯಾವಾಗ ನಿಂತಿತ್ತೆಂದು ಹೆಂಡತಿಯನ್ನು ಉಪಾಯವಾಗಿ ಕೇಳಿ ತಿಳಿದುಕೊಂಡು, ಗಂಭೀರವಾಗಿ ಯೋಚಿಸುವವನಂತೆ ಮಾಡಿ, “ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಸಲ. ಮತ್ತೆ ಸಂಜೆ ನಾಲ್ಕರ ಹೊತ್ತಿಗೆ,” ಎಂದೆ.

ಮರುದಿನ ಹನ್ನೊಂದಕ್ಕೂ ನಾಲ್ಕಕ್ಕೂ ನೀರು ನಿಂತಿತು. ಆ ಹೊತ್ತಿಗೆ ನನಗೆ ಟೀ ಬೇಕಾಗುವುದು ಸಹಜ. ಬೀದಿಯಲ್ಲಿ ನನ್ನ ಘನತೆ ಏರಿತು. ನಾನು ಕಚೇರಿಗೆ ಹೊರಟರೆ ಜನ ಗೇಟಿಗೆ ಬಂದು ನಿಲ್ಲುತ್ತಿದ್ದರು. ನನ್ನ ಮುಖ ನೋಡಿ ಬಟ್ಟೆ ನೆನೆಸುವುದೋ ಬೇಡವೋ ಎಂದು ತೀರ್ಮಾನಿಸುವವರೂ ಹುಟ್ಟಿಕೊಂಡರು.

ಹೆಂಡತಿಯ ತಮ್ಮನಿಗೆ ಮಾತ್ರ ನನ್ನ ಮೇಲೆ ಗೌರವ ಮೂಡಲಿಲ್ಲ. ಅವನದು ಕಾರು ತೊಳೆಯುವ ಅಂಗಡಿ. ಒಂದು ದಿನ ಮೈತುಂಬ ಸೋಪಿನ ನೊರೆ ಒಣಗಿ ಬೆಳ್ಳಗಾದ ಕಾರೊಂದನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಗಾಜಿನ ಮೇಲೆ ಎರಡು ಕಣ್ಣಿನಷ್ಟು ಜಾಗ ಒರೆಸಿಕೊಂಡು ಓಡಿಸಿಕೊಂಡು ಬಂದಿದ್ದ. ಪಕ್ಕದ ಸೀಟಿನಲ್ಲಿ ಕಾರಿನ ಯಜಮಾನರಾದ ಹಲ್ಲಿನ ಡಾಕ್ಟರು ಬಿಗಿದುಕೊಂಡು ಕೂತಿದ್ದರು.

“ಭಾವ, ಇವರ ಕಾರಿಗೆ ನೊರೆ ಹಚ್ಚಿದ ಮೇಲೆ ನೀರು ನಿಂತಿತು. ಒಂದು ಬಕೆಟ್ ಕೊಡಿ,” ಎಂದ.

“ನನ್ನ ಕ್ಲಿನಿಕ್ಕಲ್ಲಿ ಒಬ್ಬರು ಬಾಯಿ ಮುಕ್ಕಳಿಸೋಕೆ ಕಾಯ್ತಾ ಕೂತಿದ್ದಾರೆ,” ಎಂದರು ಡಾಕ್ಟರು. “ಅವರಿಗೆ ಒಂದು ಲೋಟ.”

“ಇಷ್ಟೆಲ್ಲಾ ಒಳಗಿನ ವಿಷಯ ಗೊತ್ತಿರೋರು, ನೀರು ಎಲ್ಲಿ ಹೋಗುತ್ತೆ ಅಂತ ಯಾಕೆ ಹೇಳಲ್ಲ ಭಾವ?” ಎಂದ ಭಾವಮೈದ. ಮೇಷ್ಟ್ರೂ ಬಂದು ನಿಂತರು. ಬೀದಿಯೇ ಬಂದು ನಿಂತಿತು. ಏನಾದರೂ ಹೇಳಲೇಬೇಕಾಯಿತು.

“ಎಲ್ಲೋ ದೊಡ್ಡ ಪೈಪು ಸೋರ್ತಾ ಇರಬೇಕು. ಬಹುಶಃ ನಮ್ಮ ಬೀದಿಯಲ್ಲೇ,” ಎಂದೆ.

ಆ ‘ಬಹುಶಃ’ ಯಾರ ಕಿವಿಗೂ ಬೀಳಲಿಲ್ಲ. ಮೇಷ್ಟ್ರು ಮರುದಿನವೇ ಕಚೇರಿಗೆ ಬಂದು ದೂರು ಕೊಟ್ಟರು. ಅದನ್ನು ಬರೆದುಕೊಂಡು ಕಾಗದದ ವಿಮಾನ ಒತ್ತಿದವನು ನಾನೇ. ಅದೊಂದು ಚಿತ್ರದ ಅರ್ಥ ಮಾತ್ರ ನನಗೆ ಸರಿಯಾಗಿ ಹೊಳೆದಿತ್ತು ನೋಡಿ. ಬೆಳಗಾಗುವಷ್ಟರಲ್ಲಿ ಗುಂಡಿ ತೋಡುವ ಯಂತ್ರ ನಮ್ಮ ಮನೆ ಮುಂದೆ ನಿಂತು ರಸ್ತೆ ಬಗೆಯುತ್ತಿತ್ತು. ಪೈಪು ಎಲ್ಲೂ ಸೋರುತ್ತಿರಲಿಲ್ಲ. ಯಂತ್ರದ ಹಲ್ಲು ತಗುಲಿದ ಮೇಲೆ ಸೋರತೊಡಗಿತು. ಹೀಗೆ ನನ್ನ ಮಾತು ಸುಳ್ಳಾಗಲಿಲ್ಲ. ನಮ್ಮ ಮನೆಗೆ ಮಾತ್ರ ನೀರು ಪೂರ್ತಿ ನಿಂತಿತು. ಹೂದಾನಿಯ ನೀರಿನಲ್ಲಿ ಮುಖ ತೊಳೆದುಕೊಂಡು ಕಚೇರಿಗೆ ಹೋದೆ.

ಇಷ್ಟರ ನಡುವೆ ನಿಜವಾಗಿ ಪೇಚಿಗೆ ಸಿಲುಕಿದವರು ನಮ್ಮ ಇಂಜಿನಿಯರ್ ಮೇಡಂ. ಟ್ಯಾಂಕು, ಪಂಪು, ಪೈಪುಗಳ ಹೊಣೆ ಅವರದು. ಹೊಸ ಸಾಫ್ಟ್‌ವೇರು ಟ್ಯಾಂಕಿನ ಮಟ್ಟವನ್ನು ತಾನೇ ಅಳೆದು ಜನರಿಗೆ ತಾನೇ ಎಚ್ಚರಿಕೆ ಕೊಡುತ್ತಿದೆ ಎಂದು ಮೇಲಿನವರು ನಂಬಿದ್ದರು. ಹೊಗಳಿಕೆ ಬಂದಾಗ ಬೇಡವೆನ್ನುವುದು ಸರಿಯಲ್ಲವೆಂದು ಕಂಪನಿಯವರೂ ಸುಮ್ಮನಿದ್ದರು. ಸಾಫ್ಟ್‌ವೇರಿಗೆ ಮೊದಲೇ ತಿಳಿಯುವುದು ಇಂಜಿನಿಯರಿಗೆ ಏಕೆ ತಿಳಿಯುವುದಿಲ್ಲ ಎಂಬುದು ಮೇಲಿನವರ ಪ್ರಶ್ನೆ.

ಒಂದು ದಿನ ಮೇಡಂ ನನ್ನ ಮೇಜಿನ ಎದುರಿಗೆ ಬಂದು ಕುಸಿದು ಕೂತರು. ಬೂಟಿನ ತುಂಬ ಕೆಸರು. ಕಣ್ಣು ನಿದ್ದೆ ಕಂಡು ಎಷ್ಟು ಕಾಲವಾಗಿತ್ತೋ.

“ಪಂಡಿತರೇ, ನನಗೆ ತಲೆ ಕೆಟ್ಟಿದೆ. ಬೆಳಿಗ್ಗೆ ನಾನೇ ಹತ್ತಿ ನೋಡ್ತೀನಿ, ಟ್ಯಾಂಕು ತುಂಬಿರುತ್ತೆ. ಮೆಸೇಜ್ ಹೋಗುತ್ತೆ. ಆಮೇಲೆ ಖಾಲಿ ಆಗುತ್ತೆ. ಮೊದಲು ಖಾಲಿ ಆಗಿ ಆಮೇಲೆ ಮೆಸೇಜ್ ಹೋದ್ರೆ ಅರ್ಥ ಇದೆ. ಇದು ಹೇಗೆ?”

“ಅದೇ ಮೇಡಂ ಹೊಸ ತಂತ್ರಜ್ಞಾನ,” ಎಂದೆ.

“ವಿಚಾರಣೆಗೆ ಬರ್ತಾರಂತೆ. ನನ್ನನ್ನ ಸಸ್ಪೆಂಡ್ ಮಾಡಬಹುದು. ಅಪ್ಪನಿಗೆ ಇನ್ನೂ ಹೇಳಿಲ್ಲ.”

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ. “ಒಂದು ಟೀ ಕುಡೀರಿ ಮೇಡಂ, ಎಲ್ಲಾ ಸರಿಹೋಗುತ್ತೆ,” ಎಂದು ಗಂಟೆ ಒತ್ತಿದೆ.

ಅವರ ಫೋನು ಗುಂಯ್‌ಗುಟ್ಟಿತು. ನೋಡಿ ಬಿಳಿಚಿಕೊಂಡು ಎದ್ದು ಓಡಿದರು. ಪಾಪ, ಟೀ ಕುಡಿಯಲೂ ಪುರುಸೊತ್ತಿಲ್ಲದ ಕೆಲಸ ಎಂದು ಮರುಗಿ ಅವರ ಲೋಟವನ್ನೂ ನಾನೇ ಕುಡಿದೆ.

ವಿಚಾರಣೆಯ ಅಧಿಕಾರಿಗಳು ಬಂದದ್ದು ಬೆಳಿಗ್ಗೆ. ದೂರುಗಳೆಲ್ಲ ಇರುವುದು ನಮ್ಮಲ್ಲಾದ್ದರಿಂದ ನಮ್ಮ ವಿಭಾಗದಲ್ಲೇ ಕುರ್ಚಿ ಹಾಕಿಸಿದರು. ಅವರ ಒಂದು ಪಕ್ಕಕ್ಕೆ ಸಾಫ್ಟ್‌ವೇರ್ ಕಂಪನಿಯವರು, ಇನ್ನೊಂದು ಪಕ್ಕಕ್ಕೆ ಮೇಡಂ. ಮೇಡಂ ಮಾತ್ರ ನಿಂತೇ ಇದ್ದರು.

“ಈಗ ಟ್ಯಾಂಕಲ್ಲಿ ನೀರು ಎಷ್ಟಿದೆ?” ಎಂದು ಅಧಿಕಾರಿಗಳು ಕೇಳಿದರು.

“ತುಂಬಿದೆ ಸರ್. ಈಗಷ್ಟೇ ನೋಡಿ ಬಂದೆ.”

“ಹಾಗಾದ್ರೆ ಇವತ್ತು ತೊಂದರೆ ಇಲ್ಲ ಅಂತೀರಿ.” ಅಧಿಕಾರಿಗಳಿಗೆ ಕೆಮ್ಮು ಬಂತು. ಕೆಮ್ಮು ಬೇಗ ನಿಲ್ಲಲಿಲ್ಲ.

ಅತಿಥಿ ಕೆಮ್ಮುತ್ತಿದ್ದಾರೆ, ವಿಭಾಗದ ಹಿರಿಯ ನಾನು. ಮೆಲ್ಲಗೆ ಕೈ ಚಾಚಿ ಗಂಟೆ ಒತ್ತಿದೆ. ಎಲ್ಲರಿಗೂ? ಹೌದು. ಖಚಿತವೇ? ಹೌದು.

ಒಂದೇ ಸಲಕ್ಕೆ ಕೋಣೆಯ ಫೋನುಗಳೆಲ್ಲ ಬಡಿದುಕೊಂಡವು. ಗುಮಾಸ್ತರದು ಮೇಜಿನ ಮೇಲೆ ನಡುಗುತ್ತ ನನ್ನ ಕಡೆಗೇ ಜಾರಿ ಬಂತು. ಹೊರಗಡೆ ಪಡಸಾಲೆಯಲ್ಲಿ ಯಾರೋ “ನೀರು, ನೀರು” ಎಂದು ಕೂಗಿಕೊಂಡು ಓಡಿದರು. ಬಕೆಟ್ಟುಗಳ ಸದ್ದು ಕೇಳಿಸಿತು. ಅಧಿಕಾರಿಗಳ ಕೆಮ್ಮು ಅಲ್ಲೇ ನಿಂತಿತು.

“ತುಂಬಿದೆ ಅಂದ್ರಿ. ಸಾಫ್ಟ್‌ವೇರ್ ಬೇರೆ ಹೇಳ್ತಾ ಇದೆಯಲ್ಲ. ನಾನು ಯಾರನ್ನ ನಂಬಲಿ?” ಎಂದರು ಅವರು ಮೇಡಂ ಕಡೆ ತಿರುಗಿ.

ಮೇಡಂ ತಲೆ ತಗ್ಗಿಸಿದರು. ನಾನು ಗುಮಾಸ್ತರ ಫೋನು ನೋಡಿದೆ. ನನ್ನ ಕೈ ನೋಡಿದೆ. ಮೌಸಿನ ಮೇಲೆ ಅದು ಇನ್ನೂ ಹಾಗೇ ಇತ್ತು. ಮತ್ತೆ ಫೋನು ನೋಡಿದೆ. ಹನ್ನೊಂದು, ನಾಲ್ಕು, ಕಾರು, ಹಲ್ಲಿನ ಡಾಕ್ಟರು, ನಮ್ಮ ಮನೆ ಮುಂದಿನ ಗುಂಡಿ, ಎಲ್ಲ ಒಂದರ ಹಿಂದೆ ಒಂದು ಬಂದು ತಲೆಯಲ್ಲಿ ಕೂತವು. ಬೆನ್ನಿನಲ್ಲಿ ಬೆವರು ಇಳಿಯಿತು. ಇನ್ನು ಸ್ವಲ್ಪ ಹೊತ್ತಿಗೆ ಊರಿನಲ್ಲಿ ಹರಿಯುವ ನೀರು ಬಹುಶಃ ಅದೊಂದೇ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಚೆನ್ನಾಗಿಯೇ ಹೊಳೆಯಿತು. ಆದರೆ ಮೇಡಂ ಬೂಟಿನ ಕೆಸರು ಕಣ್ಣ ಮುಂದೆಯೇ ಇತ್ತು.

“ಸರ್, ಅದು ಸಾಫ್ಟ್‌ವೇರ್ ಹೇಳಿದ್ದಲ್ಲ. ನಾನು ಹೇಳಿದ್ದು,” ಎಂದೆ.

“ಏನು ಹೇಳಿದ್ರಿ?”

“ಟೀ.”

“ಏನು?”

“ಟೀ ಸರ್. ಎಲ್ಲರಿಗೂ.”

ಅಧಿಕಾರಿಗಳು ಕಂಪನಿಯವರ ಕಡೆ ನೋಡಿದರು. ಕಂಪನಿಯವರು, ಇವರಿಗೆ ಆರೋಗ್ಯ ಸರಿಯಿಲ್ಲವೇ ಎಂಬಂತೆ ನನ್ನ ಕಡೆ ನೋಡಿದರು. ವಿವರಿಸುವುದಕ್ಕಿಂತ ತೋರಿಸುವುದೇ ಮೇಲೆಂದು ಗಂಟೆಯನ್ನು ಇನ್ನೊಮ್ಮೆ ಒತ್ತಿದೆ. ಆ ಗಂಟೆಯನ್ನು ನಾನು ತಿಳಿದು ಒತ್ತಿದ್ದು ಅದೊಂದೇ ಸಲ. ಫೋನುಗಳು ಮತ್ತೆ ಬಡಿದುಕೊಂಡವು.

ಆ ಹೊತ್ತಿಗೆ ಸರಿಯಾಗಿ ಬಾಗಿಲು ತಳ್ಳಿಕೊಂಡು ಬಿಸಿಯಣ್ಣ ಟೀ ತಟ್ಟೆ ಹಿಡಿದು ಒಳಗೆ ಬಂದ.

ಅಧಿಕಾರಿಗಳು ಲೋಟ ಕೈಗೆ ತೆಗೆದುಕೊಂಡು ಅದನ್ನೇ ಬಹಳ ಹೊತ್ತು ನೋಡಿದರು. “ಟೀ ಬಂತಲ್ರೀ,” ಎಂದರು ಕೊನೆಗೆ.

“ದಿನಾ ಬರುತ್ತೆ ಸರ್. ಅದಕ್ಕೇ ನಾನು ನಂಬಿದ್ದು.”

“ನೀರು ನಿಲ್ಲುತ್ತೆ ಅಂತ ಮೆಸೇಜ್ ಬರುತ್ತಲ್ಲ ಸಾರ್,” ಎಂದ ಬಿಸಿಯಣ್ಣ, “ನಿಲ್ಲೋಕ್ಮುಂಚೆ ಟೀ ಮಾಡಿ ಮುಗಿಸಿಬಿಡ್ತೀನಿ. ಆಮೇಲೆ ಪಾತ್ರೆ ತೊಳೆಯೋಕೂ ಇರಲ್ಲ.”

ಮೇಡಂ ಅಂದು ಮೊದಲ ಸಲ ಕುರ್ಚಿಯಲ್ಲಿ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡಿದ್ದರು, ಭುಜ ಕುಣಿಯುತ್ತಿತ್ತು.

ಅಧಿಕಾರಿಗಳು ಕಂಪನಿಯವರನ್ನು ಹಿಡಿದುಕೊಂಡರು. “ಗಂಟೆ ಅಂದ್ರೆ ತುರ್ತು ಸೂಚನೆ ಅಂತ ಇವರಿಗೆ ಹೇಗೆ ಗೊತ್ತಾಗಬೇಕು?”

“ಸರ್, ಅದು ಪ್ರಪಂಚಕ್ಕೇ ಗೊತ್ತು.”

“ಇವರಿಗೆ ಗೊತ್ತಿಲ್ಲ. ಇವರು ಪ್ರಪಂಚದಲ್ಲಿ ಇಲ್ವಾ?”

ಕಂಪನಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಖಚಿತವಾಗಿ ಹೇಳಲು ಅವರಿಗೂ ಆಗಲಿಲ್ಲ.

ಮೇಡಂ ಮೇಲಿನ ಆರೋಪ ಅಲ್ಲೇ ಬಿದ್ದುಹೋಯಿತು. ನನಗೊಂದು ಮೆಮೊ ಬಂತು. ಬುಟ್ಟಿಗೆ ಹಾಕಿ ಅಳಿಸಿಬಿಟ್ಟಿದ್ದ ಚರಂಡಿಯ ದೂರುಗಳೂ ಹೊರಗೆ ಬಂದದ್ದರಿಂದ ಹಿಂದೆಯೇ ಇನ್ನೊಂದು ಬಂತು. ಬೀದಿಯಲ್ಲಿ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು.

“ಹಾಗಾದ್ರೆ ನಾನು ಇಷ್ಟು ದಿನ ಬಕೆಟ್ ಹೊತ್ತಿದ್ದು ನಿಮ್ಮ ಟೀಗಾ?” ಎಂದರು.

“ಕ್ಷಮಿಸಬೇಕು ಮೇಷ್ಟ್ರೇ.”

“ಸೊಂಟ ನೋವಿಗೆ ಡಾಕ್ಟರು ವ್ಯಾಯಾಮ ಮಾಡಿ ಅಂತ ಬಡ್ಕೋತಾ ಇದ್ರು. ಮಾಡ್ತಿರಲಿಲ್ಲ,” ಎಂದು ಸ್ವಲ್ಪ ಯೋಚಿಸಿ, “ಆದ್ರೂ ನಿಮಗೆ ಸೊನ್ನೆ,” ಎಂದು ಒಳಗೆ ಹೋದರು.

ಅಧಿಕಾರಿಗಳು ಹೋಗುವಾಗ ಇನ್ನೊಂದು ಆದೇಶವನ್ನೂ ಹೊರಡಿಸಿ ಹೋಗಿದ್ದರು. ಇನ್ನು ಮುಂದೆ ಸಾಫ್ಟ್‌ವೇರಿನಲ್ಲಿ ಏನೇ ಬದಲಾಯಿಸಿದರೂ ಮೊದಲು ನನಗೆ ತೋರಿಸಬೇಕು. ನನ್ನ ಕೈಯಲ್ಲಿ ಅನಾಹುತವಾಗದಿದ್ದರೆ ಮಾತ್ರ ಉಳಿದವರಿಗೆ ಕೊಡಬೇಕು. ಹೀಗೆ ನನ್ನ ಅಜ್ಞಾನಕ್ಕೆ ಒಂದು ಹುದ್ದೆಯೇ ಸಿಕ್ಕಿತು. ಪ್ರತಿ ಶುಕ್ರವಾರ ಕಂಪನಿಯವರು ಹೊಸ ಪರದೆ ತಂದು ನನ್ನ ಮುಂದೆ ಇಟ್ಟು, ಹಿಂದೆ ಕೂತು ನೋಡುತ್ತಾರೆ. ನಾನು ತಪ್ಪು ಒತ್ತಿದರೆ ಖುಷಿಯಿಂದ ಬರೆದುಕೊಳ್ಳುತ್ತಾರೆ. “ಸರ್, ಇದು ನಮಗೆ ಕನಸಲ್ಲೂ ಹೊಳೀತಿರಲಿಲ್ಲ,” ಎನ್ನುತ್ತಾರೆ. ಮೆಚ್ಚಿಕೆಯೆಂದು ತಿಳಿದು ನಾನು ಇನ್ನೊಂದು ಒತ್ತುತ್ತೇನೆ. ನನಗೆ ಬೇರೆ ಕೋಣೆ ಕೊಟ್ಟಿದ್ದಾರೆ. ಮೇಡಂ ಆಗಾಗ ಬಂದು, ಇವತ್ತು ಊರು ಕ್ಷೇಮವೇ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ಕಳೆದ ಶುಕ್ರವಾರ ಮಾತ್ರ ಒಂದು ಎಡವಟ್ಟಾಯಿತು. ಅವರು ತಂದ ಪರದೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಸರಿಯಾಗಿ ಒತ್ತಿಬಿಟ್ಟೆ. ಕಂಪನಿಯವರು ಎದ್ದು ನನ್ನ ಕೈ ಕುಲುಕಿ, ಪಡಸಾಲೆಗೆ ಹೋಗಿ ಫೋನಿನಲ್ಲಿ ಹೇಳುವುದು ಕೇಳಿಸಿತು: “ಹೌದು ಸರ್, ಅವರಿಗೂ ಅರ್ಥ ಆಯ್ತು. ಇನ್ನು ಯಾರಿಗೆ ಬೇಕಾದ್ರೂ ಕೊಡಬಹುದು.”

ಎದೆಯುಬ್ಬಿಸಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟಳು.

“ನಿಮಗೇ ಅರ್ಥ ಆಗೋಕೆ ಶುರುವಾದ್ರೆ ಇನ್ನು ನಿಮ್ಮನ್ನ ಆ ಕೆಲಸದಲ್ಲಿ ಯಾಕ್ರೀ ಇಟ್ಕೋತಾರೆ?”

ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಆದ್ದರಿಂದ ಈ ಶುಕ್ರವಾರ ತಪ್ಪು ಮಾಡಲೇಬೇಕೆಂದು ನಿರ್ಧರಿಸಿ ಹೋದೆ. ಹೊಸ ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ, ಲೋಕದಲ್ಲಿ ಯಾವ ಬುದ್ಧಿಯಿರುವವನೂ ಒತ್ತಲಾರದ ಚಿತ್ರವೊಂದನ್ನು ಹುಡುಕಿ, ಬೇಕೆಂದೇ ಅದನ್ನು ಒತ್ತಿದೆ.

ಅದೇ ಸರಿಯಾದದ್ದಂತೆ.